ಬದು-ಕೆರೆ ಕೆಲಸದ ಸಂಸ್ಥೆಗಳಲ್ಲಿ ಯಾರಿರಬೇಕು?

ಮಾನ್ಯ ಸಂಪಾದಕರೇ,

ಬೇಸಿಗೆ ಶುರುವಾಗುತ್ತಿದ್ದಂತೆ ಪತ್ರಿಕೆಗಳ ಒಳಪುಟಗಳಲ್ಲಿ ಒಂದು ಬಗೆಯ ಜಾಹೀರಾತು ಕಾಣಿಸಿಕೊಳ್ಳುತ್ತದೆ. ಜಲಾನಯನ (ಮಳೆನೀರು ಒಂದೇ ಹಳ್ಳಕ್ಕೆ ಹರಿದು ಸೇರುವ ನೆಲ) ಅಭಿವೃದ್ಧಿ, ಕೆರೆ ಪುನಶ್ಚೇತನ, ಅಂತರ್ಜಲ ಮರುಪೂರಣದ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗೆ ಕ್ಷೇತ್ರ ಸಿಬ್ಬಂದಿ ಬೇಕಾಗಿದ್ದಾರೆ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಅಥವಾ ಬಿಎಸ್ಸಿ ಕೃಷಿ ಪದವಿ, ಕಂಪ್ಯೂಟರ್ ಜ್ಞಾನ, ದ್ವಿಚಕ್ರ ವಾಹನದ ಲೈಸೆನ್ಸ್, ಅವಧಿ 11 ತಿಂಗಳು. ಆ ಮೂರ್ನಾಲ್ಕು ಸಾಲುಗಳ ಬಗ್ಗೆಯೇ ಈ ಪತ್ರ. ತುಮಕೂರು, ಚಿತ್ರದುರ್ಗ ಭಾಗದಲ್ಲಿ ಜಲಾನಯನ ಕೆಲಸದಲ್ಲಿರುವ ನಾವು ಕೆಲವರು ಸೇರಿ ಬರೆಯುತ್ತಿದ್ದೇವೆ. ಸಂಸ್ಥೆಯಲ್ಲಿ ಯಾವ ಡಿಗ್ರಿಯವರಿದ್ದಾರೆ ಅನ್ನುವುದಕ್ಕಿಂತ, ನೆಲದ ಏರಿಳಿತ ಅಳೆದು ಮಟ್ಟ ಹಿಡಿಯಲು, ಬಾವಿಯ ನೀರಿನ ಮಟ್ಟ ಅಳೆಯಲು, ಪಹಣಿ ಓದಲು, ಊರನ್ನು ಕೂರಿಸಿಕೊಂಡು ಮಾತಾಡಲು ಬರುವವರು ಒಂದೇ ತಂಡದಲ್ಲಿ ಇದ್ದಾರೆಯೇ, ಕಾಮಗಾರಿ ಮುಗಿದ ಮೇಲೆ ಎರಡು ಮಳೆಗಾಲವಾದರೂ ಅಲ್ಲೇ ಇರುತ್ತಾರೆಯೇ ಎಂದು ಕೇಳಬೇಕು. ಹಣ ಕೊಡುವವರು ಇದಕ್ಕೆಂದೇ ಹಣ ಇಡಬೇಕು.

ಇದು ಹೊಸ ವಿಚಾರವೇನಲ್ಲ. ಹನುಮಂತರಾವ್ ಸಮಿತಿಯ ಶಿಫಾರಸಿನ ಮೇಲೆ 1994ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಜಲಾನಯನ ಮಾರ್ಗಸೂಚಿಯಲ್ಲೇ ತಂಡದ ರಚನೆ ಇತ್ತು: ಸಸ್ಯವಿಜ್ಞಾನ, ಪಶುವಿಜ್ಞಾನ, ಸಿವಿಲ್ ಅಥವಾ ಕೃಷಿ ಎಂಜಿನಿಯರಿಂಗ್, ಸಮಾಜವಿಜ್ಞಾನ, ಒಂದೊಂದರಿಂದ ಒಬ್ಬೊಬ್ಬರಂತೆ ಕನಿಷ್ಠ ನಾಲ್ವರು. 2008ರ ಸಮಾನ ಮಾರ್ಗಸೂಚಿಯೂ ನಾಲ್ವರನ್ನೇ ಕೇಳಿತು. ಕೃಷಿ, ಮಣ್ಣು, ನೀರಿನ ನಿರ್ವಹಣೆ, ಜನಸಂಘಟನೆ ಬಲ್ಲವರಿರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು, ತಂಡದ ಕಚೇರಿ ಆದಷ್ಟು ಜಲಾನಯನಕ್ಕೆ ಹತ್ತಿರವಿರಬೇಕು ಎಂದಿತು. ಪದವಿ ಇದ್ದರೆ ಒಳ್ಳೆಯದು, ಆದರೆ ಕ್ಷೇತ್ರದ ಅನುಭವ ನೋಡಿ ಅದನ್ನು ಸಡಿಲಿಸಬಹುದು ಎಂದೂ ಅದರಲ್ಲಿದೆ. ಈ ಕೊನೆಯ ಸಾಲನ್ನು ಬಳಸಿದವರು ಬಹಳ ಕಡಿಮೆ. ಎಸ್ಸೆಸ್ಸೆಲ್ಸಿ ಓದಿ ಹತ್ತು ವರ್ಷ ಬದು ಹಾಕಿಸಿದ ಮೇಸ್ತ್ರಿಗಿಂತ ಹೋದ ವರ್ಷ ಪದವಿ ಮುಗಿಸಿದ ಹುಡುಗನ ಹೆಸರು ಪ್ರಸ್ತಾವನೆಯಲ್ಲಿ ಚೆನ್ನಾಗಿ ಕಾಣುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಮೊದಲು ಮಟ್ಟದ ವಿಷಯ. ಒಣಭೂಮಿಯಲ್ಲಿ ಅತಿ ಹೆಚ್ಚು ದುಡ್ಡು ಹೋಗುವುದು ಬದುವಿಗೆ, ಅತಿ ಹೆಚ್ಚು ಹಾಳಾಗುವುದೂ ಅದೇ. ಲೆಕ್ಕ ಸರಳವಾಗಿದೆ. ಇಳಿಜಾರಿನ ಶೇಕಡಾವನ್ನು ಮೂರರಿಂದ ಭಾಗಿಸಿ, ಎರಡು ಕೂಡಿಸಿ, 0.3ರಿಂದ ಗುಣಿಸಿದರೆ ಒಂದು ಬದುವಿನಿಂದ ಮುಂದಿನದಕ್ಕೆ ಎಷ್ಟು ಮೀಟರ್ ಇಳಿಯಬೇಕು ಎಂಬುದು ಸಿಗುತ್ತದೆ. ಶೇ 3ರ ಇಳಿಜಾರಿನಲ್ಲಿ ಅದು 0.9 ಮೀಟರ್, ನೆಲದ ಮೇಲೆ 30 ಮೀಟರಿಗೊಂದು ಬದು, ಹೆಕ್ಟೇರಿಗೆ 333 ಮೀಟರ್ ಉದ್ದ. ತಲೆ 30 ಸೆಂಟಿಮೀಟರ್, ಬುಡ ಒಂದೂವರೆ ಮೀಟರ್, ಎತ್ತರ 60 ಸೆಂಟಿಮೀಟರ್ ಇಟ್ಟರೆ ಒಂದು ಮೀಟರ್ ಬದುವಿಗೆ 0.54 ಘನ ಮೀಟರ್ ಮಣ್ಣು ಬೇಕು. 90 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಕಂದಕ ಮೇಲ್ಗಡೆ ತೋಡಿದರೆ ಅಷ್ಟೇ ಮಣ್ಣು ಸಿಗುತ್ತದೆ. ಒಂದೇ ಏಟಿಗೆ 50 ಮಿಲಿಮೀಟರ್ ಮಳೆ ಸುರಿದರೆ 30 ಮೀಟರಿನ ಪಟ್ಟಿಯಲ್ಲಿ ಬದುವಿನ ಪ್ರತಿ ಮೀಟರಿಗೆ ಒಂದೂವರೆ ಘನ ಮೀಟರ್ ನೀರು ಬೀಳುತ್ತದೆ. ಮೂರರಲ್ಲಿ ಒಂದು ಪಾಲು ಹರಿದುಬಂದರೂ ಕಂದಕ ಅದನ್ನು ಹಿಡಿಯುತ್ತದೆ. ಅದಕ್ಕಿಂತ ಜೋರಾದ ಮಳೆಗೆ ಕಲ್ಲು ಹಾಸಿದ ಕೋಡಿ ಬಿಡಬೇಕು.

ಇಷ್ಟು ಲೆಕ್ಕ ಹೊಸಬರೂ ಮಾಡುತ್ತಾರೆ. ಸೋಲುವುದು ಹೊಲದಲ್ಲಿ. ನೂರು ಮೀಟರ್ ಉದ್ದದ ಬದುವಿನಲ್ಲಿ ಒಂದು ಕಡೆ ಗೆರೆ 15 ಸೆಂಟಿಮೀಟರ್ ಕೆಳಗೆ ಜಾರಿದ್ದರೆ ಸಾಕು, ಇಡೀ ಬದುವಿನ ನೀರು ಆ ತಗ್ಗಿಗೆ ನುಗ್ಗಿ ಅಲ್ಲೇ ಒಡೆಯುತ್ತದೆ. ಒಡೆದ ಜಾಗದಿಂದ ನುಗ್ಗಿದ ನೀರು ಕೆಳಗಿನ ಬದುವನ್ನೂ ಕೊಚ್ಚುತ್ತದೆ, ಒಂದೇ ರಾತ್ರಿಯಲ್ಲಿ ಕೊರಕಲು ಬೀಳುತ್ತದೆ. ಬದು ಇಲ್ಲದಿದ್ದಾಗ ಹರಡಿಕೊಂಡು ಹೋಗುತ್ತಿದ್ದ ನೀರನ್ನು ನಾವೇ ಒಟ್ಟುಗೂಡಿಸಿ ಒಂದು ಕಡೆ ಬಿಟ್ಟಂತಾಗುತ್ತದೆ. ಮೊಬೈಲ್ ಆ್ಯಪ್ ತೋರಿಸುವ ಎತ್ತರ ಈ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ಮೀಟರುಗಟ್ಟಲೆ ವ್ಯತ್ಯಾಸವಿರುತ್ತದೆ, ನಮಗೆ ಬೇಕಿರುವುದು ಸೆಂಟಿಮೀಟರಿನ ಲೆಕ್ಕ.

ಬೇಕಾದ ಸಲಕರಣೆ ಬಲು ಅಗ್ಗ. ಹೈಡ್ರೋ ಮಾರ್ಕರ್ ಎನ್ನುವುದು ಸೆಂಟಿಮೀಟರ್ ಗುರುತು ಹಾಕಿದ ಎರಡು ಕೋಲು, ಅವಕ್ಕೆ ಕಟ್ಟಿದ ಹತ್ತು-ಹದಿನೈದು ಮೀಟರಿನ ಪಾರದರ್ಶಕ ಕೊಳವೆ, ಒಳಗೆ ನೀರು. ಕೆಲಸ ಶುರುಮಾಡುವ ಮುನ್ನ ಎರಡೂ ಕೋಲನ್ನು ಒಂದೇ ಕಲ್ಲಿನ ಮೇಲೆ ಪಕ್ಕಪಕ್ಕ ನಿಲ್ಲಿಸಿ ನೋಡಬೇಕು; ಎರಡರಲ್ಲೂ ನೀರು ಒಂದೇ ಗುರುತಿಗೆ ನಿಲ್ಲದಿದ್ದರೆ ಕೊಳವೆಯೊಳಗೆ ಗಾಳಿಗುಳ್ಳೆ ಸೇರಿದೆ ಎಂದರ್ಥ. ಬೆರಳಿನಿಂದ ತಟ್ಟುತ್ತ ಗುಳ್ಳೆಯನ್ನು ತುದಿಗೆ ತಂದು ಬಿಡಬೇಕು. ಕೋಲಿನಿಂದ ಕೋಲಿಗೆ ನಡೆಯುವಾಗ ಎರಡೂ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯದಿದ್ದರೆ ನೀರು ಚೆಲ್ಲುತ್ತದೆ. ಬಿಸಿಲಿನಲ್ಲಿ ಕೊಳವೆ ಬಿಸಿಯಾದರೆ ಮತ್ತೆ ಗುಳ್ಳೆ ಹುಟ್ಟುತ್ತದೆ, ಹಾಗಾಗಿ ಗಂಟೆಗೊಮ್ಮೆ ಪರೀಕ್ಷೆ ಮಾಡಲೇಬೇಕು. ಕೋಲನ್ನು ಇರುವೆ ಗೂಡಿನ ಮೇಲೋ ಉಳುಮೆಯ ಹೆಂಟೆಯ ಮೇಲೋ ಇಟ್ಟರೂ ಗೆರೆ ತಪ್ಪುತ್ತದೆ. ಇಷ್ಟನ್ನು ಬಲ್ಲವರು ತಂಡದಲ್ಲಿ ಇಬ್ಬರಿದ್ದರೆ ಬದು ನಿಲ್ಲುತ್ತದೆ. ಯಾರೂ ಇಲ್ಲದಿದ್ದರೆ ಗುತ್ತಿಗೆದಾರರ ಜೆಸಿಬಿ ಡ್ರೈವರ್ ಕಣ್ಣಳತೆಯಲ್ಲಿ ಹಾಕಿದ್ದೇ ಗೆರೆ.

ಮಟ್ಟದ ಜತೆಗೆ ಮಣ್ಣನ್ನೂ ಓದಬೇಕು. ಕೆಂಪು ಮಣ್ಣಿಗೆ ಒಪ್ಪುವ ಸಮಪಾತಳಿ (ಉದ್ದಕ್ಕೂ ಒಂದೇ ಮಟ್ಟದ) ಬದುವನ್ನು ಗದಗ, ಧಾರವಾಡದ ಎರೆಭೂಮಿಗೆ, ಅಂದರೆ ಕಪ್ಪು ಮಣ್ಣಿಗೆ ಹಾಗೇ ಹಾಕಿದರೆ ಮೇಲ್ಗಡೆ ನೀರು ನಿಂತು ಪೈರು ಕೊಳೆಯುತ್ತದೆ. ಬೇಸಿಗೆಯಲ್ಲಿ ಎರೆ ಬಿರುಕು ಬಿಡುತ್ತದೆ, ಮೊದಲ ಮಳೆಯ ನೀರು ಆ ಬಿರುಕಿನಲ್ಲಿ ನುಗ್ಗಿ ಬದುವನ್ನು ಒಡೆಯುತ್ತದೆ. ಅಲ್ಲಿ ನೂರು ಮೀಟರಿಗೆ 20ರಿಂದ 40 ಸೆಂಟಿಮೀಟರ್ ಇಳಿಕೆ ಕೊಟ್ಟು ನೀರನ್ನು ನಿಧಾನವಾಗಿ ಹುಲ್ಲು ಬೆಳೆದ ಕಾಲುವೆಗೆ ಸಾಗಿಸಬೇಕು. ಬಳ್ಳಾರಿಯ ಮಣ್ಣು-ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ 1954ರಿಂದ ಕಪ್ಪು ಮಣ್ಣಿನ ಮೇಲೆ ಕೆಲಸ ಮಾಡುತ್ತಿದೆ. 2012ರಿಂದ 2019ರವರೆಗೆ ನಡೆದ ರಾಜ್ಯದ ಸುಜಲಾ-3 ಜಲಾನಯನ ಯೋಜನೆಯಲ್ಲಿ ಸರ್ವೆ ನಂಬರುವಾರು ಮಣ್ಣಿನ ಆಳ, ಗರಸಿನ ಪ್ರಮಾಣ, ಇಳಿಜಾರು, ಕೊಚ್ಚಣೆ ಗುರುತಿಸಿದ ನಕ್ಷೆಗಳು ತಯಾರಾಗಿವೆ. ಅವನ್ನು ತೆರೆದು ಓದಬಲ್ಲ ಒಬ್ಬರು ಪ್ರತಿ ಸಂಸ್ಥೆಯಲ್ಲೂ ಇರಬೇಕು. ಇಷ್ಟು ಖರ್ಚಿನಲ್ಲಿ ಮಾಡಿದ ನಕ್ಷೆ ಕಚೇರಿಯ ಕಂಪ್ಯೂಟರಿನಲ್ಲಿ ಕುಳಿತಿರುವುದು ಬೇಸರದ ಸಂಗತಿ. ಹಾಗೆಯೇ ಬಯಲುಸೀಮೆಯಲ್ಲಿ ಹೊಗಳಿಸಿಕೊಂಡ ಇಂಗುಗುಂಡಿಯನ್ನು ಕೊಡಗಿನ, ಪಶ್ಚಿಮ ಘಟ್ಟದ ಕಡಿದಾದ ಇಳಿಜಾರಿಗೆ ಒಯ್ಯುವ ಮುಂಚೆ ಅಲ್ಲಿಯ ಮಣ್ಣಿನ ಪದರ ಬಲ್ಲವರನ್ನು ಕೇಳಲೇಬೇಕು. ಮೇಲೆ ಸಡಿಲ ಮಣ್ಣು, ಕೆಳಗೆ ಜೇಡಿ ಇರುವ ಗುಡ್ಡದಲ್ಲಿ ನೀರಿಳಿಸಿದರೆ ಗುಡ್ಡವೇ ಜಾರುವ ಭಯವಿದೆ. 2018ರ ಆಗಸ್ಟ್ ಕೊಡಗಿನಲ್ಲಿ ಏನು ಮಾಡಿತು ಎಂಬುದನ್ನು ನಾಡು ಮರೆತಿಲ್ಲ.

ಚೆಕ್‌ಡ್ಯಾಂ ವಿಷಯದಲ್ಲಿ ಎಂಜಿನಿಯರ್ ಇದ್ದರೂ ಜಾಗ ಆರಿಸುವವರು ಬೇರೆಯಾಗಿರುತ್ತಾರೆ, ಎಡವಟ್ಟು ಅಲ್ಲೇ. ಹಳ್ಳದ ತಳ ಶೇ 3 ಇಳಿಜಾರಿದ್ದರೆ ಒಂದು ಮೀಟರ್ ಎತ್ತರದ ಕಟ್ಟೆ ನೀರನ್ನು ಹಿಂದಕ್ಕೆ 33 ಮೀಟರ್ ಮಾತ್ರ ನಿಲ್ಲಿಸುತ್ತದೆ. ಆರು ಮೀಟರ್ ಅಗಲದ ಹಳ್ಳವಾದರೆ ಸುಮಾರು ನೂರು ಘನ ಮೀಟರ್. ಅದೇ ಹಳ್ಳದಲ್ಲಿ ಸ್ವಲ್ಪ ಕೆಳಗೆ ತಳ ಶೇ 1ಕ್ಕೆ ಚಪ್ಪಟೆಯಾಗುವ ಕಡೆ ಅದೇ ಕಟ್ಟೆ ಮುನ್ನೂರು ಘನ ಮೀಟರ್ ಹಿಡಿಯುತ್ತದೆ. ಕಲ್ಲು, ಸಿಮೆಂಟು, ಕೂಲಿ ಎಲ್ಲ ಅಷ್ಟೇ. ರಸ್ತೆಗೆ ಹತ್ತಿರ ಎಂಬ ಕಾರಣಕ್ಕೆ, ಫಲಕ ಕಾಣುತ್ತದೆ ಎಂಬ ಕಾರಣಕ್ಕೆ ಕಡಿದಾದ ಜಾಗದಲ್ಲಿ ಕಟ್ಟಿದವು ಎಷ್ಟೋ ಇವೆ. ಕಟ್ಟೆಯ ರೆಕ್ಕೆಗೋಡೆಗಳು ದಡದ ಗಟ್ಟಿ ಮಣ್ಣಿನೊಳಗೆ ಸಾಕಷ್ಟು ಹೋಗದಿದ್ದರೆ ನೀರು ಪಕ್ಕದಿಂದ ದಾರಿ ಮಾಡಿಕೊಂಡು ಕಟ್ಟೆ ನಡುವೆ ಒಂಟಿಯಾಗಿ ಉಳಿಯುತ್ತದೆ. ಅಡಿಪಾಯ ಗಟ್ಟಿ ತಳಕ್ಕೆ ಮುಟ್ಟದಿದ್ದರೆ ಅಡಿಯಿಂದ ನೀರು ಜಿನುಗಿ ಮರಳು ಕೊಚ್ಚಿಹೋಗುತ್ತದೆ. ಕೆಳಬದಿಗೆ ಕಲ್ಲುಹಾಸು ಇಲ್ಲದಿದ್ದರೆ ಧುಮುಕುವ ನೀರು ಗುಂಡಿ ತೋಡಿ ಬುಡವನ್ನೇ ಅಲುಗಿಸುತ್ತದೆ. ಮೇಲ್ಭಾಗದ ಜಮೀನಿಗೆ ಬದು ಹಾಕದೆ ಕೆಳಗೆ ಕಟ್ಟೆ ಕಟ್ಟಿದರಂತೂ ಕೆಲವೇ ಮಳೆಗಾಲಗಳಲ್ಲಿ ಅದು ಹೂಳಿನ ತೊಟ್ಟಿ.

ಇನ್ನು ಯಾವ ಜಾಹೀರಾತಿನಲ್ಲೂ ಕಾಣದ ಅರ್ಹತೆ ಒಂದಿದೆ, ಕಂದಾಯ ದಾಖಲೆ ಓದುವುದು. ಪಹಣಿಯ ಮೂರನೇ ಕಾಲಂನಲ್ಲಿ ‘ಬ’ ಖರಾಬು (ಸಾರ್ವಜನಿಕ ಬಳಕೆಯ ನೆಲ) ಎಂದು ಎಷ್ಟು ಗುಂಟೆ ಬಿಟ್ಟಿದೆ ಎಂಬುದನ್ನು ನೋಡಿದರೆ ಹಳ್ಳ, ದಾರಿ ಸಾರ್ವಜನಿಕವಾಗಿ ಉಳಿದಿವೆಯೇ ಎಂದು ಗೊತ್ತಾಗುತ್ತದೆ. ಒಂಬತ್ತನೇ ಕಾಲಂನಲ್ಲಿ ಅಜ್ಜನ ಹೆಸರೇ ಇದ್ದು, ಪಾಲುಗಳು ಅಳೆದು ಬೇರೆಯಾಗದೆ (ಪೋಡಿಯಾಗದೆ), ಹೊಲದಲ್ಲಿ ಮೂವರು ಮೊಮ್ಮಕ್ಕಳು ಬೇರೆಬೇರೆ ಉಳುತ್ತಿದ್ದರೆ ಒಬ್ಬರ ಸಹಿ ಪಡೆದು ಬದು ಹಾಕಿದಲ್ಲಿ ಉಳಿದಿಬ್ಬರು ಅದನ್ನು ಒಡೆಯುತ್ತಾರೆ, ಅವರದೇನೂ ತಪ್ಪಿಲ್ಲ. ಕೆರೆಗೆ ನೀರು ತರುವ ರಾಜಕಾಲುವೆ ಗ್ರಾಮನಕ್ಷೆಯಲ್ಲಿ ಎರಡು ಗೆರೆಯಾಗಿ ಇರುತ್ತದೆ, ನೆಲದ ಮೇಲೆ ತೆಂಗಿನ ತೋಟವಾಗಿರುತ್ತದೆ. ಕೆರೆಯ ಹೂಳು ತೆಗೆಯಲು ಲಕ್ಷಾಂತರ ರೂಪಾಯಿ ಸುರಿಯುವ ಮುಂಚೆ ಆ ಗೆರೆಯನ್ನು ಸರ್ವೆಯರ್ ಜತೆ ನಡೆದು ನೋಡಬೇಕು. ದಿಶಾಂಕ್ ಆ್ಯಪ್ ಸರ್ವೆ ನಂಬರ್ ಯಾವುದೆಂದು ತಿಳಿಯಲು ಅನುಕೂಲ, ಗಡಿಯ ಜಗಳ ಬಿಡಿಸಲು ಸಾಲದು. ನಿವೃತ್ತ ಭೂಮಾಪಕರೋ ಗ್ರಾಮ ಲೆಕ್ಕಾಧಿಕಾರಿಗಳೋ ತಿಂಗಳಿಗೆ ನಾಲ್ಕು ದಿನ ಬಂದು ಕೂತರೂ ಸಂಸ್ಥೆಗೆ ಆಗುವ ಉಪಕಾರ ದೊಡ್ಡದು. ಅಂಥವರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ.

ಅಂತರ್ಜಲದ ಲೆಕ್ಕದಲ್ಲಿ ಆಗುವ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಹೆಚ್ಚು ಅಪಾಯ. ಸಂಸ್ಥೆಗಳ ವರದಿಗಳಲ್ಲಿ ‘ನೀರಿನ ಮಟ್ಟ ಏರಿದೆ’ ಎಂಬ ಸಾಲು ಕಡ್ಡಾಯವಾಗಿ ಇರುತ್ತದೆ. ಅದನ್ನು ಅಳೆದವರು ಯಾರು, ಹೇಗೆ? ಕೊಳವೆಬಾವಿಯ ಕೇಸಿಂಗ್ ಪೈಪ್ ನೆಲಕ್ಕಿಂತ ಅರ್ಧ ಮೀಟರ್ ಮೇಲಿರುವುದು ಸಾಮಾನ್ಯ. ಮೇ ತಿಂಗಳಲ್ಲಿ ಒಬ್ಬರು ಪೈಪಿನ ಬಾಯಿಂದ ಅಳೆದು, ಅವರು ಕೆಲಸ ಬಿಟ್ಟ ಮೇಲೆ ನವೆಂಬರಿನಲ್ಲಿ ಇನ್ನೊಬ್ಬರು ನೆಲಮಟ್ಟದಿಂದ ಅಳೆದರೆ ಒಂದು ಹನಿ ಇಂಗದೆಯೂ ಮಟ್ಟ ಅರ್ಧ ಮೀಟರ್ ಏರಿದಂತೆ ಬರುತ್ತದೆ. ನಮ್ಮ ಗ್ರಾನೈಟ್-ನೈಸ್ ಕಲ್ಲಿನ ಸೀಮೆಯಲ್ಲಿ ಶಿಥಿಲ ಪದರ ಬಿಟ್ಟುಕೊಡುವ ನೀರು ಅದರ ಗಾತ್ರದ ಶೇ 2 ಎಂದು ಹಿಡಿದರೂ, 500 ಹೆಕ್ಟೇರಿನ ಜಲಾನಯನದಲ್ಲಿ ಅರ್ಧ ಮೀಟರ್ ಎಂದರೆ 50 ಸಾವಿರ ಘನ ಮೀಟರ್, ಅಂದರೆ ಐದು ಕೋಟಿ ಲೀಟರ್. ಇಲ್ಲದ ಐದು ಕೋಟಿ ಲೀಟರನ್ನು ನಂಬಿ ರೈತರು ಅಡಿಕೆ ಸಸಿ ನೆಟ್ಟರೆ ಆ ನಷ್ಟವನ್ನು ಯಾರು ತುಂಬಿಕೊಡುತ್ತಾರೆ?

ಅಳೆಯುವ ಕ್ರಮ ಕಷ್ಟದ್ದಲ್ಲ. ಪ್ರತಿ ಬಾವಿಗೂ ಒಂದು ಅಳತೆ ಬಿಂದು ಗೊತ್ತುಮಾಡಿ ಬಣ್ಣದಲ್ಲಿ ಬಾಣ ಗುರುತು ಹಾಕಬೇಕು, ಅದು ನೆಲದಿಂದ ಎಷ್ಟು ಎತ್ತರ ಎಂದು ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಬೇಕು. ಮೋಟಾರ್ ಹಿಂದಿನ ರಾತ್ರಿಯಿಂದ ಬಂದ್ ಆಗಿರಬೇಕು, ಪಕ್ಕದ ಬಾವಿಯ ಮೋಟಾರ್ ಓಡುತ್ತಿದ್ದರೆ ಅದನ್ನೂ ಬರೆಯಬೇಕು. ಪಂಪ್ ಇಳಿಸಿದ ಬಾವಿಗೆ ಟೇಪ್ ಬಿಟ್ಟರೆ ಕೇಬಲ್ಲಿಗೆ ಸುತ್ತಿಕೊಳ್ಳುತ್ತದೆ, ಹಾಗಾಗಿ ಬಳಕೆಯಲ್ಲಿಲ್ಲದ ಕೊಳವೆಬಾವಿ ಮತ್ತು ತೆರೆದಬಾವಿಗಳನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಸಾವಿರ ಅಡಿಯ ಕೊಳವೆಬಾವಿಯ ಮಟ್ಟ ಆಳದ ಬಿರುಕಿನ ಒತ್ತಡವನ್ನು ಹೇಳುತ್ತದೆ, ಮೇಲಿನ ಪದರದಲ್ಲಿ ಇಂಗಿದ ನೀರನ್ನು ಹೇಳುವುದಿಲ್ಲ. ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ಸರಾಸರಿ ತೆಗೆಯಬಾರದು. ಮಳೆಯನ್ನು ದಿನವೂ ಬೆಳಿಗ್ಗೆ ಎಂಟೂವರೆಗೇ ಓದಬೇಕು. ಮಟ್ಟ ಏರಿದ್ದು ಕಾಮಗಾರಿಯಿಂದಲೋ ಒಳ್ಳೆಯ ಮಳೆಯಿಂದಲೋ ಎಂದು ತಿಳಿಯಲು ಪಕ್ಕದ, ಕೆಲಸ ಮಾಡದ ಊರಿನ ಬಾವಿಗಳನ್ನೂ ಅಳೆಯಬೇಕು. 2020ರಿಂದ ರಾಜ್ಯದ 14 ಜಿಲ್ಲೆಗಳ 41 ತಾಲ್ಲೂಕುಗಳಲ್ಲಿ ಕೈಗೊಂಡ ಅಟಲ್ ಭೂಜಲ ಯೋಜನೆ ಗ್ರಾಮ ಪಂಚಾಯಿತಿ ಮಟ್ಟದ ನೀರಿನ ಮುಂಗಡಪತ್ರ, ಅಂದರೆ ಬರುವ ನೀರು, ಬಳಸುವ ನೀರಿನ ಲೆಕ್ಕ ಕೇಳಿತು. ಅಂಥ ಲೆಕ್ಕ ನಂಬಿಕೆಗೆ ಅರ್ಹವಾಗಬೇಕಾದರೆ ಹಿಂದೆ ಒಬ್ಬ ಭೂಜಲ ತಜ್ಞರು ಇರಬೇಕು. ಒಂದೊಂದು ಸಂಸ್ಥೆಗೆ ಅವರ ಪೂರ್ತಿ ಸಂಬಳ ಭಾರವಾದರೆ ನಾಲ್ಕು ಸಂಸ್ಥೆಗಳು ಸೇರಿ ಒಬ್ಬರನ್ನು ಇಟ್ಟುಕೊಳ್ಳಲಿ. ದಿನನಿತ್ಯ ಅಳೆಯುವ ಕೆಲಸಕ್ಕೆ ಊರಿನ ಓದಿದ ಹುಡುಗಿ ಹುಡುಗರೇ ಸಾಕು, ಹೊರಗಿನವರಿಗಿಂತ ಅವರೇ ಮೇಲು.

ಕೃಷಿ ಪದವೀಧರರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜಿಕೆವಿಕೆ, ಧಾರವಾಡ, ರಾಯಚೂರು, ಶಿವಮೊಗ್ಗದ ವಿಶ್ವವಿದ್ಯಾಲಯಗಳಿಂದ ಒಳ್ಳೆಯ ಹುಡುಗರು ಬರುತ್ತಿದ್ದಾರೆ. ಕೃಷಿ ಹೊಂಡದಂಥ ಕೆಲಸದಲ್ಲಿ ಅವರಿಗೆ ಅಳತೆಯ ಪಾಠ ಇನ್ನಷ್ಟು ಬೇಕು ಅಷ್ಟೆ. 12 ಮೀಟರ್ ಚೌಕ, ಮೂರು ಮೀಟರ್ ಆಳ, ಪಕ್ಕಗಳು ಒಂದಕ್ಕೊಂದು (1:1) ಇಳಿಜಾರಿರುವ ಹೊಂಡ 252 ಘನ ಮೀಟರ್ ಹಿಡಿಯುತ್ತದೆ, ಒಂದು ಹೆಕ್ಟೇರಿಗೆ ಒಣಗುವ ಪೈರನ್ನು ಉಳಿಸುವ 25 ಮಿಲಿಮೀಟರಿನ ಒಂದು ಜೀವಾಧಾರ ನೀರು. ಕೆಂಪು ಮಣ್ಣಿನಲ್ಲಿ ಇದಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ ಹದಿನಾಲ್ಕೂವರೆ ಮೀಟರ್ ಚೌಕ ಸಾಲುತ್ತದೆ ಎಂದು ಕಾಗದದಲ್ಲಿ ಬರುತ್ತದೆ. ಅಂಚನ್ನು ಮಣ್ಣಿನಲ್ಲಿ ಹೂಳಲು ನಾಲ್ಕೂ ಕಡೆ ಒಂದೊಂದು ಮೀಟರ್ ಬಿಟ್ಟು ಹದಿನಾರೂವರೆ ತರಿಸದಿದ್ದರೆ ಮೊದಲ ಮಳೆಗೇ ಹಾಳೆ ಜಾರಿ ತಳದಲ್ಲಿ ಮುದುಡಿಕೊಳ್ಳುತ್ತದೆ.

ಜನರ ಜತೆ ಕೆಲಸ ಮಾಡುವ ಸಿಬ್ಬಂದಿಯನ್ನು ಬಹಳ ಸಂಸ್ಥೆಗಳು ಸಹಿ ಸಂಗ್ರಹಕ್ಕೆ ಬಳಸಿಕೊಳ್ಳುತ್ತವೆ. ಅವರ ನಿಜವಾದ ಕೆಲಸ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಊರ ಮುಂದಿಡುವುದು. ಮೇಲೆ ಹೇಳಿದ ಬದು, ಕಂದಕ, ನಡುವೆ ಬಿಡುವ ಒಂದಡಿ ಅಂಚು ಸೇರಿ 2.7 ಮೀಟರ್ ಅಗಲ ಹೋಗುತ್ತದೆ. ಎಕರೆಗೆ ಮೂರೂವರೆ ಗುಂಟೆಗೂ ಹೆಚ್ಚು ನೆಲ. ಒಂದೂವರೆ ಎಕರೆ ಇರುವ ಮನೆಗೆ ಅದು ಸಣ್ಣ ಮಾತಲ್ಲ. ಇದನ್ನು ಮೊದಲೇ ಹೇಳಿ, ಬದುವಿನ ಮೇಲೆ ತೊಗರಿ, ನುಗ್ಗೆ, ಗ್ಲಿರಿಸಿಡಿಯಾ, ಸ್ಟೈಲೋ ಮೇವು ಏನೇನು ಬರುತ್ತದೆ, ಯಾವ ವರ್ಷದಿಂದ ಬರುತ್ತದೆ ಎಂದು ಕೂತು ಮಾತಾಡಿದರೆ ಒಪ್ಪಿಗೆ ನಿಲ್ಲುತ್ತದೆ. 2001ರಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಶುರುವಾದ ಸುಜಲಾ ಯೋಜನೆಯಲ್ಲಿ ಸರ್ವೆ ನಂಬರುವಾರು, ಕುಟುಂಬವಾರು ಯೋಜನೆ ಮಾಡುವ ಪದ್ಧತಿ ಇತ್ತು. ಮೈರಾಡಾದಂಥ ಸಂಸ್ಥೆಗಳು ಅದಕ್ಕೂ ಮುಂಚಿನಿಂದ ಸ್ವಸಹಾಯ ಗುಂಪುಗಳ ಮೂಲಕ ಕಟ್ಟಿಕೊಂಡ ಅನುಭವ ಅಲ್ಲಿ ಕೆಲಸಕ್ಕೆ ಬಂತು. ಆ ಕ್ರಮದಲ್ಲಿ ಗಂಡ-ಹೆಂಡತಿ ಇಬ್ಬರನ್ನೂ ಹೊಲದಲ್ಲಿ ನಿಲ್ಲಿಸಿ ಮಾತಾಡಬೇಕು. ಮೇವು, ಕುಡಿಯುವ ನೀರಿನ ದೂರ, ಹೊಲಕ್ಕೆ ಬುತ್ತಿ ಒಯ್ಯುವ ಕಾಲುದಾರಿ ಇವೆಲ್ಲ ಆ ಮಾತಿನಲ್ಲೇ ಹೊರಬರುವುದು.

ಅದಕ್ಕೆ ಮಹಿಳಾ ಸಿಬ್ಬಂದಿ ಬೇಕು ಎಂದು ಮಾರ್ಗಸೂಚಿ ಹೇಳಿದರೆ ಸಾಲದು, ಅವರು ಉಳಿಯುವಂತೆ ನೋಡಿಕೊಳ್ಳಬೇಕು. ಹೆಂಗಸರ ಸಂಘದ ಸಭೆ ನಡೆಯುವುದು ಅಡುಗೆ, ಹಾಲು ಕರೆಯುವುದು ಮುಗಿದ ಮೇಲೆ, ರಾತ್ರಿ ಎಂಟರ ನಂತರ. ಕೊನೆಯ ಬಸ್ಸು ಅಷ್ಟರಲ್ಲಿ ಹೋಗಿರುತ್ತದೆ. ಊರಲ್ಲಿ ಉಳಿಯಲು ಒಂದು ಕೋಣೆ, ಇಲ್ಲವೇ ಜತೆಗೊಬ್ಬರು ಮತ್ತು ವಾಹನ, ಶೌಚಾಲಯವಿರುವ ಕ್ಷೇತ್ರ ಕಚೇರಿ, ಹೆರಿಗೆ ರಜೆ, ಪೆಟ್ರೋಲಿನ ಹಣ ಅದೇ ತಿಂಗಳು ಕೈಗೆ ಸಿಗುವುದು: ಇವಿಲ್ಲದೆ ಯಾವ ಹೆಣ್ಣುಮಗಳೂ ಎರಡನೇ ವರ್ಷ ಮುಂದುವರಿಯುವುದಿಲ್ಲ. ಮುಂದುವರಿಯಲಿ ಎಂದು ಕೇಳುವ ಹಕ್ಕೂ ನಮಗಿಲ್ಲ.

1994ರ ಪಟ್ಟಿಯಲ್ಲಿದ್ದ ಪಶುವಿಜ್ಞಾನ 2008ರ ಪಟ್ಟಿಯಿಂದ ಬಿಟ್ಟುಹೋದದ್ದು ನಷ್ಟ. ಗೋಮಾಳಕ್ಕೆ ಕಂದಕ ಹೊಡೆದು ಸಸಿ ನೆಟ್ಟು ಬೇಲಿ ಹಾಕಿದ ದಿನವೇ ಊರಿನ ಕುರಿಗಾಹಿಗಳ ಮೇವು ನಿಲ್ಲುತ್ತದೆ. ಅವರಲ್ಲಿ ಬಹಳ ಜನರಿಗೆ ಜಮೀನೇ ಇಲ್ಲ, ಹಾಗಾಗಿ ಬದುವಿನ ಲಾಭವೂ ಇಲ್ಲ. ಗೋಮಾಳವನ್ನು ಭಾಗ ಮಾಡಿ ಸರದಿಯಲ್ಲಿ ಮುಚ್ಚಿ ತೆರೆಯುವುದು, ಮುಚ್ಚಿದ ಭಾಗದಿಂದ ಹುಲ್ಲು ಕೊಯ್ದು ಒಯ್ಯಲು ಬಿಡುವುದು, ಎಷ್ಟು ಕುರಿಗೆ ಎಷ್ಟು ಮೇವು ಎಂದು ಲೆಕ್ಕ ಹಾಕುವುದು ಪಶುಪಾಲನೆ ಬಲ್ಲವರ ಕೆಲಸ.

ಕೆರೆಯ ಕೆಲಸಕ್ಕೆ ನಮ್ಮಲ್ಲೇ ಇದ್ದ ಪರಿಣತರು ನೀರುಗಂಟಿಗಳು, ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದವರು. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ತೂಬು ಎಷ್ಟು ಎತ್ತಬೇಕು, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟಲು ಎಷ್ಟು ಹೊತ್ತು, ಏರಿಯಲ್ಲಿ ಎಲ್ಲಿ ಹೆಗ್ಗಣದ ಬಿಲ ಬೀಳುತ್ತದೆ, ಕೋಡಿ ಬೀಳುವ ಮುನ್ನ ಏನು ಕಾಣುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಈಗಲೂ ಕೆಲವು ಊರುಗಳಲ್ಲಿ ಆ ಮನೆತನದ ಹಿರಿಯರಿದ್ದಾರೆ. ಅವರನ್ನು ಸಭೆಗೆ ಕರೆದು ಶಾಲು ಹೊದಿಸಿ ಕಳಿಸುವ ಬದಲು ಗೌರವಧನ ಕೊಟ್ಟು ತಂಡದಲ್ಲಿ ಕೂರಿಸಿಕೊಳ್ಳಬೇಕು. ಹೂಳೆತ್ತುವಾಗ ಏರಿಯ ಬುಡದ ಜೇಡಿಯನ್ನು ಕೆದಕಿದರೆ ಕೆರೆ ಜಿನುಗಲು ಶುರುಮಾಡುತ್ತದೆ ಎಂದೂ, ತೂಬಿನ ತಳಕ್ಕಿಂತ ಕೆಳಗೆ ಅಗೆದ ಗುಂಡಿಯ ನೀರು ಗದ್ದೆಗೆ ಹೋಗುವುದಿಲ್ಲ ಎಂದೂ ಅವರು ಜೆಸಿಬಿ ಬರುವ ಮುನ್ನವೇ ಹೇಳುತ್ತಾರೆ.

ಈಗ ಹಣದ ಮಾತು. 2008ರ ಮಾರ್ಗಸೂಚಿ ಮತ್ತು ಅದರ 2011ರ ಪರಿಷ್ಕರಣೆಯ ಪ್ರಕಾರ ಬಯಲು ಪ್ರದೇಶಕ್ಕೆ ಹೆಕ್ಟೇರಿಗೆ 12 ಸಾವಿರ ರೂಪಾಯಿ ಇತ್ತು. ಅದರಲ್ಲಿ ಕಾಮಗಾರಿಗೆ ಶೇ 56, ಆಡಳಿತಕ್ಕೆ ಶೇ 10, ಸಂಘಟನೆ-ತರಬೇತಿಗೆ ಶೇ 5, ಕೊನೆಯ ಬಲವರ್ಧನೆ ಹಂತಕ್ಕೆ ಶೇ 3. ತಂಡದ ಸಂಬಳ ಆಡಳಿತದ ಬಾಬ್ತಿನಿಂದಲೇ ಬರಬೇಕಿತ್ತು. ಐದು ಸಾವಿರ ಹೆಕ್ಟೇರಿನ ಯೋಜನೆಯ ಆರು ಕೋಟಿಯಲ್ಲಿ ಅದು 60 ಲಕ್ಷ. ಐದು ವರ್ಷಕ್ಕೆ ಹಂಚಿ, ಅಷ್ಟೂ ತಂಡಕ್ಕೇ ಸಿಕ್ಕಿತು ಎಂದುಕೊಂಡರೂ ತಿಂಗಳಿಗೆ ಒಂದು ಲಕ್ಷ. ನಾಲ್ವರು ತಜ್ಞರು, ಕಚೇರಿ ಬಾಡಿಗೆ, ಓಡಾಟ ಎಲ್ಲ ಅದರಲ್ಲೇ. 2021ರ ಹೊಸ ಮಾರ್ಗಸೂಚಿ ಹೆಕ್ಟೇರಿನ ದರವನ್ನು 22 ಸಾವಿರಕ್ಕೆ ಏರಿಸಿದ್ದು ಸ್ವಾಗತಾರ್ಹ, ಆದರೆ ಒಳ್ಳೆಯ ಭೂಜಲ ತಜ್ಞರನ್ನು ತಾಲ್ಲೂಕು ಕೇಂದ್ರದಲ್ಲಿ ಹಿಡಿದಿಡಲು ಸಂಬಳದ ಬಾಬ್ತು ಇನ್ನೂ ಬೆಳೆಯಬೇಕು.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಆಡಳಿತ ವೆಚ್ಚ ಶೇ 5 ಮೀರಬಾರದು ಎಂಬ ನಿಯಮವನ್ನು ತೋರಿಸಿ ಕ್ಷೇತ್ರ ಸಿಬ್ಬಂದಿಯ ಸಂಬಳಕ್ಕೆ ಕತ್ತರಿ ಹಾಕುತ್ತಾರೆ. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸುವ ಖರ್ಚಿಗೆ. ಯೋಜನೆಯ ವಿನ್ಯಾಸ, ಜಾರಿ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ ಎಂದು 2021ರಲ್ಲಿ ತಿದ್ದುಪಡಿಯಾದ ನಿಯಮದ ವ್ಯಾಖ್ಯೆಯಲ್ಲೇ ಇದೆ. ಚಾಲ್ತಿ ಯೋಜನೆ ಎಂದು ಘೋಷಿಸಿದರೆ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಲು ಅವಕಾಶವಿದೆ. ಇಷ್ಟಿದ್ದರೂ ವರ್ಷದ ಒಪ್ಪಂದ ಮಾಡಿಕೊಂಡು ಮಾರ್ಚ್ 31ಕ್ಕೆ ಬಿಲ್ಲು ಕೇಳಿದರೆ ಏನಾಗುತ್ತದೆ? ಬದು ಬೇಸಿಗೆಯಲ್ಲಿ ಬೀಳುತ್ತದೆ, ಸಡಿಲ ಮಣ್ಣು ಮೊದಲ ಮಳೆಗೆ ಕುಗ್ಗುತ್ತದೆ, ಜೂನ್-ಜುಲೈನಲ್ಲಿ ಒಡೆದ ಕಡೆ ಮಣ್ಣು ಹಾಕಿ ಹುಲ್ಲಿನ ಬೀಜ ಎರಚಬೇಕಾದ ಹೊತ್ತಿಗೆ ಊರಲ್ಲಿ ಯಾರೂ ಇರುವುದಿಲ್ಲ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳಿಗೂ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿದೆ. ಹೊಲದಲ್ಲಿ ಕೆಲಸ ಮಾಡುವವರ ವೇತನ ಯಾವ ಬಾಬ್ತಿಗೆ ಸೇರುತ್ತದೆ ಎಂಬುದನ್ನು ಲೆಕ್ಕಪರಿಶೋಧಕರ ಜತೆ ಮೊದಲೇ ಕೂತು ಬಿಡಿಸಿಕೊಳ್ಳುವ ಲೆಕ್ಕಿಗರು ಸಂಸ್ಥೆಗೆ ಬೇಕು. ಅವರೂ ತಂಡದವರೇ.

ಆಯ್ಕೆ ಮಾಡುವವರಿಗೆ ನಮ್ಮ ಸಲಹೆ: ಸಂದರ್ಶನವನ್ನು ಕಚೇರಿಯ ಕೋಣೆಯಲ್ಲಿ ಮುಗಿಸಬೇಡಿ. ಅಭ್ಯರ್ಥಿಗೆ ಹೈಡ್ರೋ ಮಾರ್ಕರ್ ಕೊಟ್ಟು ಐವತ್ತು ಮೀಟರ್ ಸಮಮಟ್ಟದ ಗೆರೆ ಎಳೆಯಲು ಹೇಳಿ, ಆಮೇಲೆ ಮಟ್ಟ ನೋಡುವ ದೂರದರ್ಶಕ ಡಂಪಿ ಲೆವೆಲ್‌ನಲ್ಲಿ ಪರೀಕ್ಷಿಸಿ. ಒಂದು ಪಹಣಿ, ಒಂದು ಗ್ರಾಮನಕ್ಷೆ ಮುಂದಿಟ್ಟು ಹಳ್ಳ ಎಲ್ಲಿ ಹಾದುಹೋಗುತ್ತದೆ ತೋರಿಸಿ ಎನ್ನಿ. ಬಾವಿಯ ಬಳಿ ಕರೆದೊಯ್ದು ಅಳೆಯಲು ಬಿಡಿ, ಅಳತೆ ಬಿಂದು ಯಾವುದೆಂದು ಅವರಾಗಿಯೇ ಕೇಳುತ್ತಾರೆಯೇ ನೋಡಿ. ಸಂಜೆ ಸಂಘದ ಸಭೆಯಲ್ಲಿ ಕೂರಿಸಿ, ಅವರು ಎಷ್ಟು ಮಾತಾಡಿದರು ಎನ್ನುವುದಕ್ಕಿಂತ ಎಷ್ಟು ಕೇಳಿಸಿಕೊಂಡರು ಎಂದು ಸಂಘದವರನ್ನೇ ವಿಚಾರಿಸಿ. ಬರದಿದ್ದರೆ ತಿರಸ್ಕರಿಸಬೇಕೆಂದಲ್ಲ. ಈ ನಾಲ್ಕರಲ್ಲಿ ಎರಡು ಬರುವವರಿಗೆ ಉಳಿದೆರಡನ್ನು ಒಂದು ಮಳೆಗಾಲದಲ್ಲಿ ಕಲಿಸಬಹುದು. ನರೇಗಾದಡಿ ಹತ್ತನೇ ತರಗತಿ ಮುಗಿಸಿದ ಕೂಲಿ ಕುಟುಂಬದ ಯುವಕ-ಯುವತಿಯರಿಗೆ ಮೂರು ತಿಂಗಳ ತರಬೇತಿ ಕೊಟ್ಟು ಬೇರ್‌ಫುಟ್ ಟೆಕ್ನಿಷಿಯನ್ (ಊರಲ್ಲೇ ಇರುವ ತಾಂತ್ರಿಕ ಸಹಾಯಕ) ಮಾಡುವ ಕ್ರಮವಿತ್ತು. ಅಂಥ ತರಬೇತಿ ಪಡೆದವರನ್ನು ಹುಡುಕಿ ಕರೆದುಕೊಳ್ಳಿ. ಯೋಜನೆ ಮುಗಿದ ಮೇಲೂ ಅವರು ಆ ಊರಲ್ಲೇ ಇರುತ್ತಾರೆ.

ಸಂಸ್ಥೆಗಳು ತಮ್ಮ ಕೈಪಿಡಿಯಲ್ಲಿ ಸಿಬ್ಬಂದಿಯನ್ನು ಪರಿಚಯಿಸುವಾಗ ಪದವಿಯ ಜತೆಗೆ ಇಷ್ಟನ್ನು ಬರೆಯಲಿ: ಯಾವ ತಾಲ್ಲೂಕಿನಲ್ಲಿ, ಯಾವ ಮಣ್ಣಿನಲ್ಲಿ, ಎಷ್ಟು ಮಳೆಗಾಲ ಕೆಲಸ ಮಾಡಿದ್ದಾರೆ, ಅವರು ಹಾಕಿಸಿದ ಬದು, ಕಟ್ಟೆಗಳಲ್ಲಿ ಎಷ್ಟು ಈಗಲೂ ನಿಂತಿವೆ. ಊರಿನ ಸಿಬ್ಬಂದಿಯ ಹೆಸರನ್ನು ಕೊನೆಯಲ್ಲಿ ‘ಇತರರು’ ಎಂದು ಸೇರಿಸದೆ, ತಜ್ಞರ ಸಾಲಿನಲ್ಲೇ ಹಾಕಲಿ. ಹಣ ಕೊಡುವ ಕಂಪನಿಗಳು ಮುಂದಿನ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, ಕಾಮಗಾರಿ ಮುಗಿದ ನಂತರದ ಎರಡು ಮಳೆಗಾಲಕ್ಕೆ ಒಬ್ಬ ಮಟ್ಟ ಹಿಡಿಯುವವರು, ಒಬ್ಬ ಬಾವಿ ಅಳೆಯುವವರು, ಒಬ್ಬ ಸಂಘಟಕಿಯ ಸಂಬಳವನ್ನು ಪ್ರತ್ಯೇಕ ಸಾಲಾಗಿ ಅಂದಾಜುಪಟ್ಟಿಯಲ್ಲಿ ಸೇರಿಸಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇವೆ.

ಇತಿ,
ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಕೆಲವು ಜಲಾನಯನ ಕಾರ್ಯಕರ್ತರು